ಬಟ್ಟೆ ಅಂಗಡಿಯಿಂದ ಮೇಯರ್ ಕುರ್ಚಿಗೆ: ಮೋಸೆಸ್ ಅಲೆಕ್ಸಾಂಡರ್ ಹಾದಿ

ಅಮೆರಿಕದಲ್ಲಿ ರಾಜ್ಯದ ಗವರ್ನರನ್ನು ಜನರೇ ಆರಿಸುತ್ತಾರೆ. ಅಲ್ಲಿನ ಮೊದಲ ಯಹೂದಿ ಗವರ್ನರ್ ಯಾರು ಅಂತ ಕೇಳಿ ನೋಡಿ, ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಾರೆ. ಕೆಲವರಿಗೆ 1801ರಲ್ಲಿ ಜಾರ್ಜಿಯಾದ ಗವರ್ನರ್ ಆಗಿದ್ದ ಡೇವಿಡ್ ಇಮ್ಯಾನುಯೆಲ್. ಆದರೆ ಅವರು ಯಹೂದಿ ಹೌದೋ ಅಲ್ಲವೋ ಅನ್ನೋದೇ ಇನ್ನೂ ಚರ್ಚೆಯಲ್ಲಿದೆ. 1870ರಲ್ಲಿ, ಆಗಿನ್ನೂ ರಾಜ್ಯವಾಗಿರದ ವಾಷಿಂಗ್ಟನ್ ಪ್ರಾಂತ್ಯಕ್ಕೆ ಬಂದ ಎಡ್ವರ್ಡ್ ಸಾಲಮನ್ ಯಹೂದಿಯೇನೋ ಹೌದು, ಆದರೆ ನೇಮಕವಾಗಿ ಬಂದವರು. 1887ರ ಕ್ಯಾಲಿಫೋರ್ನಿಯಾ ಗವರ್ನರ್ ವಾಷಿಂಗ್ಟನ್ ಬಾರ್ಟ್ಲೆಟ್ ಅವರದ್ದು ತಾಯಿಯ ಕಡೆಯ ನಂಟು ಮಾತ್ರ. ಧರ್ಮದ ಆಚರಣೆ ಬಿಡದೆ, ಜನರ ಮತ ಪಡೆದು ಗೆದ್ದವರನ್ನೇ ಲೆಕ್ಕಕ್ಕೆ ಹಿಡಿದರೆ ಮೊದಲಿಗರು ಐಡಾಹೊ ರಾಜ್ಯದ ಮೋಸೆಸ್ ಅಲೆಕ್ಸಾಂಡರ್. ಅವರು ಗೆದ್ದಿದ್ದು 1914ರಲ್ಲಿ.

ಈ 'ಮೊದಲಿಗ' ಜಗ್ಗಾಟದಲ್ಲಿ ಅವರ ಅಂಗಡಿಯನ್ನು ಎಲ್ಲರೂ ಮರೆಯುತ್ತಾರೆ. ನನಗೆ ಕುತೂಹಲ ಇರೋದು ಅಲ್ಲೇ.

1853ರಲ್ಲಿ, ಈಗ ಜರ್ಮನಿಗೆ ಸೇರಿದ, ಆಗ ಬವೇರಿಯಾ ಆಳ್ವಿಕೆಯಲ್ಲಿದ್ದ ಒಬ್ರಿಗ್‌ಹೈಮ್‌ನಲ್ಲಿ ಹುಟ್ಟಿದ ಹುಡುಗ 1867ರಲ್ಲಿ ನ್ಯೂಯಾರ್ಕ್‌ಗೆ ಬಂದಿಳಿದ. ಆಮೇಲೆ ಮಿಸೌರಿಯ ಚಿಲಿಕಾಥಿಯಲ್ಲಿ ನೆಂಟರ ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದ, ಮುಂದೆ ಅದರಲ್ಲೇ ಪಾಲುದಾರನಾದ. 1886ರಲ್ಲಿ ನಗರಸಭೆ ಸದಸ್ಯ, 1887ರಲ್ಲಿ ಮೇಯರ್.

1891ರಲ್ಲಿ ಅಲಾಸ್ಕಾಗೆ ಅಂತ ಹೊರಟವರು ದಾರಿಯಲ್ಲಿ ಐಡಾಹೊದ ರಾಜಧಾನಿ ಬಾಯ್ಸಿ ಊರು ಹಿಡಿಸಿ ಅಲ್ಲೇ ಉಳಿದರು, ಗಂಡಸರ ಬಟ್ಟೆ ಅಂಗಡಿ ತೆರೆದರು. 1900ರಲ್ಲಿ ಬಾಯ್ಸಿಯ ಜನಸಂಖ್ಯೆ 5,957. ನಮ್ಮಲ್ಲಾದರೆ ಅದನ್ನು ಊರು ಅಂತೀವಿ, ನಗರ ಅನ್ನಲ್ಲ. ಅಂಥ ಕಡೆ ಪ್ಯಾಂಟು, ಕೋಟು ಬೇಕಾದ ಪ್ರತಿಯೊಬ್ಬನೂ ಇಂಥ ಒಂದೆರಡು ಅಂಗಡಿಗಳ ಮೆಟ್ಟಿಲು ಹತ್ತಲೇಬೇಕು. ಯಾರ ಮಾತಿಗೆ ಬೆಲೆ ಇದೆ, ಯಾರದ್ದು ಬರೀ ಬಾಯಿ, ಗಲ್ಲಾಪೆಟ್ಟಿಗೆ ಹಿಂದೆ ಕೂತವನಿಗೆ ಚೆನ್ನಾಗಿ ಗೊತ್ತಿರುತ್ತೆ. ಅವನು ಎಂಥವನು ಅನ್ನೋದು ಊರಿಗೂ ಗೊತ್ತಿರುತ್ತೆ, ಅಲ್ವಾ?

ಇದು ಇವರೊಬ್ಬರ ಕಥೆಯಲ್ಲ. ಪೋರ್ಟ್‌ಲ್ಯಾಂಡ್‌ನಲ್ಲಿ 1869ರಲ್ಲಿ ಬರ್ನಾರ್ಡ್ ಗೋಲ್ಡ್‌ಸ್ಮಿತ್, ಸಿಯಾಟಲ್‌ನಲ್ಲಿ 1875ರಲ್ಲಿ ಬೇಲಿ ಗ್ಯಾಟ್ಸರ್ಟ್, ಆಲ್ಬುಕರ್ಕಿಯಲ್ಲಿ 1885ರಲ್ಲಿ ಹೆನ್ರಿ ಜಾಫಾ ಮೇಯರ್ ಆದರು. ಮೂವರೂ ಯಹೂದಿ ವ್ಯಾಪಾರಿಗಳೇ. ಅಮೆರಿಕದ ಪಶ್ಚಿಮದ ಈ ಹೊಸ ಊರುಗಳಲ್ಲಿ ಹಳೇ ಮನೆತನಗಳ ಕಾಟ ಇರಲಿಲ್ಲ. ಲೆಕ್ಕಪತ್ರ ಬಲ್ಲವನು ಬೇಕಿತ್ತು, ಅವನು ಯಾವ ದೇವರಿಗೆ ಕೈಮುಗಿಯುತ್ತಾನೆ ಅನ್ನೋದು ಆಮೇಲಿನ ಮಾತು.

ಅಲೆಕ್ಸಾಂಡರ್ 1897ರಲ್ಲಿ ಬಾಯ್ಸಿ ಮೇಯರ್ ಆದರು, 1901ರಲ್ಲಿ ಮತ್ತೆ ಗೆದ್ದರು. 1908ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತರು. ಆರು ವರ್ಷದ ನಂತರ ಗೆದ್ದು ಎರಡು ಅವಧಿ ಕೂತರು. ಐಡಾಹೊದಲ್ಲಿ ಸಾರಾಯಿ ಬಂದ್ ಆಗಿದ್ದು ಇವರ ಕಾಲದಲ್ಲೇ, 1916ರಲ್ಲಿ. 1922ರಲ್ಲಿ ಮತ್ತೆ ನಿಂತಾಗ ಜನ ಕೈಹಿಡಿಯಲಿಲ್ಲ. 1932ರ ಜನವರಿಯಲ್ಲಿ ತೀರಿಕೊಂಡರು.

1896ರಲ್ಲಿ ಇವರೂ ಮುಂದೆ ನಿಂತು ಕಟ್ಟಿಸಿದ ಯಹೂದಿ ಪ್ರಾರ್ಥನಾ ಮಂದಿರ ಬಾಯ್ಸಿಯಲ್ಲಿ ಈಗಲೂ ಇದೆ, ಹಳೇ ಜಾಗದಲ್ಲಿ ಮಾತ್ರ ಇಲ್ಲ. 2003ರಲ್ಲಿ ಇಡೀ ಕಟ್ಟಡವನ್ನೇ ಗಾಲಿ ಮೇಲೆ ಏರಿಸಿ, ಊರಿನ ಬೀದಿಗಳಲ್ಲಿ ಎಳೆದುಕೊಂಡು ಹೋಗಿ ಲೇಟಾ ಸ್ಟ್ರೀಟ್‌ನಲ್ಲಿ ಇಳಿಸಿದರು.