ಜಗಳಕ್ಕೆ ಮುಂಚೆ ಕೇಸ್ ಶೀಟ್ ಇಸ್ಕೊಳ್ಳಿ

ಮಾವಿನ ಸೀಸನ್ ಮುಗಿದ ಮೇಲೆ ಶ್ರೀನಿವಾಸಪುರ ಕಡೆ ರೈತರೊಬ್ಬರು ಕೋಲಾರದ ನಮ್ಮ ಆಫೀಸಿಗೆ ಬಂದಿದ್ರು, ಕೈಲಿ ಬಟ್ಟೆ ಅಂಗಡಿ ಕವರು, ಅದರೊಳಗೆ ನಾಲ್ಕು ಮಡಿಕೆ ಮಾಡಿದ ಡಿಸ್ಚಾರ್ಜ್ ಸಮ್ಮರಿ, ಅರ್ಧ ಮುಗಿದ ಮಾತ್ರೆ ಸ್ಟ್ರಿಪ್ಪು, ಒಂದಷ್ಟು ಬಿಲ್ಲು. ಅವರ ಹೆಂಡ್ತಿಗೆ ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೇಲಿ ಗರ್ಭಕೋಶದ ಆಪರೇಷನ್ ಆಗಿತ್ತು, ಎರಡು ದಿನಕ್ಕೆ ಹೊಟ್ಟೆ ಊದ್ಕೊಂಡಿದೆ, ಮತ್ತೆ ಹೊಟ್ಟೆ ಕೊಯ್ದು ನೋಡಿದ್ರೆ ಕರುಳಲ್ಲಿ ತೂತು. ಜೀವ ಉಳೀತು, ಆದ್ರೆ ಆಯಮ್ಮ ಇವತ್ತಿಗೂ ತೋಟದ ಕೆಲಸಕ್ಕೆ ಬಗ್ಗೋಕಾಗಲ್ಲ. "ಕೇಸ್ ಹಾಕ್ಬೇಕು ಸಾರ್" ಅಂದ್ರು. ಕೇಸ್ ಶೀಟ್, ಅಂದ್ರೆ ಆಸ್ಪತ್ರೆಯವರು ಬರೆದಿಟ್ಟ ಚಿಕಿತ್ಸೆಯ ಪೂರ್ತಿ ದಾಖಲೆ, ಎಲ್ಲಣ್ಣಾ ಅಂತ ಕೇಳ್ದೆ. "ಅದನ್ನ ನಮಗ್ಯಾಕೆ ಕೊಡ್ತಾರೆ ಸಾರ್?"

ಕೊಡ್ಲೇಬೇಕು. ಡಾಕ್ಟರುಗಳ ನಡತೆ ಬಗ್ಗೆ 2002ರಲ್ಲಿ ಬಂದ ನಿಯಮ ಇದೆ, ಅದರ ಪ್ರಕಾರ ಅಡ್ಮಿಟ್ ಆದವರ ದಾಖಲೆ 3 ವರ್ಷ ಇಟ್ಟಿರಬೇಕು, ರೋಗಿ ಅಥವಾ ಅವರ ಪರವಾಗಿ ಅಧಿಕಾರ ಇರೋರು ಕೇಳಿದ್ರೆ 72 ಗಂಟೆ ಒಳಗೆ ಕೊಡಬೇಕು. ಬಾಯಲ್ಲಿ ಕೇಳ್ಬೇಡಿ, ಅರ್ಜಿ ಬರೆದು ಕೊಟ್ಟು ನಿಮ್ಮ ಕಾಪಿ ಮೇಲೆ ಸೀಲು ಸೈನು ಹಾಕಿಸ್ಕೊಳ್ಳಿ, ತಗೊಳ್ಳಲ್ಲ ಅಂದ್ರೆ ರಿಜಿಸ್ಟರ್ಡ್ ಪೋಸ್ಟಲ್ಲಿ ಕಳಿಸಿ. ಡಿಸ್ಚಾರ್ಜ್ ಸಮ್ಮರಿ ಒಂದೇ ಸಾಕಾಗಲ್ಲ, ಆಪರೇಷನ್ ನೋಟ್ಸು, ಅನಸ್ತೇಸಿಯಾ ದಾಖಲೆ, ಕನ್ಸೆಂಟ್ ಫಾರ್ಮು, ನರ್ಸುಗಳು ಗಂಟೆಗಂಟೆಗೂ ಬರೆಯೋ ಚಾರ್ಟು, ಎಲ್ಲಾ ಬೇಕು. ಸರ್ಕಾರಿ ಆಸ್ಪತ್ರೆ ಆದ್ರೆ ಆರ್‌ಟಿಐ ಅರ್ಜಿ ಕೂಡ ಹಾಕಬಹುದು.

ಅವರ ಫೈಲು ಕೈಗೆ ಬಂದಾಗ ನಾನು ಮೊದಲು ಬಿಚ್ಚಿದ್ದು ನರ್ಸ್ ಚಾರ್ಟು. ರಾತ್ರಿ 11ಕ್ಕೆ ಪಲ್ಸ್ 130, ಹೊಟ್ಟೆ ಗಟ್ಟಿಯಾಗಿದೆ, ಡಾಕ್ಟರಿಗೆ ಫೋನಲ್ಲಿ ತಿಳಿಸಿದೆ ಅಂತ ಬರೆದವ್ರೆ. ಡಾಕ್ಟರ್ ಬಂದು ನೋಡಿದ್ದು ಬೆಳಿಗ್ಗೆ 9ಕ್ಕೆ. ಕರುಳಿಗೆ ತೂತಾಗಿದ್ದೇ ತಪ್ಪು ಅಂತ ಅವರು ಬಂದಿದ್ರು, ಆದ್ರೆ ಅಂಥ ಆಪರೇಷನ್‌ನಲ್ಲಿ ಎಷ್ಟೇ ಜೋಪಾನವಾಗಿ ಮಾಡಿದ್ರೂ ಒಮ್ಮೊಮ್ಮೆ ಹಾಗಾಗುತ್ತೆ, ಅದನ್ನೇ ಕೋರ್ಟು ನಿರ್ಲಕ್ಷ್ಯ ಅನ್ನಲ್ಲ. ಸಾಮಾನ್ಯ ಡಾಕ್ಟರೊಬ್ಬರು ತೋರಿಸಬೇಕಾದ ಎಚ್ಚರ ತೋರಿಸಿದ್ರಾ ಇಲ್ವಾ ಅನ್ನೋದೇ ಪ್ರಶ್ನೆ. ನಮ್ಮ ಕೇಸು ನಿಂತಿರೋದು ಆ ಹತ್ತು ಗಂಟೆ ಮೇಲೆ.

ಕೇಸ್ ಹಾಕೋಕೆ ಬೆಂಗಳೂರಿಗೆ ಹೋಗ್ಬೇಕಾ ಅಂತ ಬಹಳ ಜನ ಹಿಂದೆ ಸರೀತಾರೆ. ಬೇಡ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನೀವು ವಾಸ ಇರೋ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಮುಳಬಾಗಿಲಿನವರು, ಮಾಲೂರಿನವರು ಕೋಲಾರದಲ್ಲೇ ಹಾಕ್ಬಹುದು. ನೀವು ಆಸ್ಪತ್ರೆಗೆ ಕಟ್ಟಿದ ಹಣ 50 ಲಕ್ಷದವರೆಗೆ ಇದ್ರೆ ಜಿಲ್ಲಾ ಆಯೋಗ, 5 ಲಕ್ಷದವರೆಗೆ ಇದ್ರೆ ಫೀಸೇ ಇಲ್ಲ. ಲಾಯರ್ ಇಡಲೇಬೇಕು ಅಂತಿಲ್ಲ, ಆದ್ರೆ ಮೆಡಿಕಲ್ ಕೇಸಲ್ಲಿ ಇದ್ರೆ ಒಳ್ಳೇದು, ದುಡ್ಡಿಲ್ಲ ಅಂದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಹೆಣ್ಣುಮಕ್ಕಳಿಗೆ, ಎಸ್‌ಸಿ ಎಸ್‌ಟಿಯವರಿಗೆ ಆದಾಯ ಎಷ್ಟಿದ್ರೂ ಅಲ್ಲಿ ಲಾಯರ್ ಕೊಡ್ತಾರೆ. ಗಡುವು ಮಾತ್ರ 2 ವರ್ಷ. ಇವತ್ತು ಮಾತಾಡ್ತಾರೆ ನಾಳೆ ಮಾತಾಡ್ತಾರೆ ಅಂತ ರಾಜಿಗೆ ಕಾದು ಕಾದು ಆ 2 ವರ್ಷ ಕಳ್ಕೊಂಡೋರನ್ನ ನೋಡಿ ನೋಡಿ ನನಗೆ ಸಂಕಟ ಆಗುತ್ತೆ.

ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ಕೊಡೋ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾಯ್ದೆಗೆ ಬರಲ್ಲ, ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ಕೆಲವರ ಹತ್ರ ದುಡ್ಡು ತಗೊಂಡು ಕೆಲವರಿಗೆ ಉಚಿತವಾಗಿ ನೋಡೋ ಆಸ್ಪತ್ರೆ ಆದ್ರೆ ಉಚಿತವಾಗಿ ತೋರಿಸಿದವರೂ ದೂರು ಕೊಡಬಹುದು. ಪೂರ್ತಿ ಉಚಿತ ಇರೋ ಕಡೆ ತಪ್ಪಾಗಿದ್ರೆ ಸಿವಿಲ್ ಕೋರ್ಟು ದಾರಿ. ಡಾಕ್ಟರ ರಿಜಿಸ್ಟ್ರೇಷನ್ ಮೇಲೆ ಕ್ರಮ ಆಗ್ಬೇಕು ಅಂದ್ರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್, ಅಲ್ಲಿ ಪರಿಹಾರ ಸಿಗಲ್ಲ.

ಪೊಲೀಸ್ ಕೇಸು ಅಷ್ಟು ಸುಲಭ ಇಲ್ಲ. ತೀರಾ ಘೋರ ಅನ್ನೋ ನಿರ್ಲಕ್ಷ್ಯ ಇರಬೇಕು, ಬೇರೆ ಡಾಕ್ಟರ ಅಭಿಪ್ರಾಯ ತಗೊಂಡೇ ಪೊಲೀಸರು ಮುಂದುವರಿಯಬೇಕು ಅಂತ ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪಿದೆ. ಸಿಟ್ಟಲ್ಲಿ ಗಾಜು ಒಡೆದ್ರೆ ಡಾಕ್ಟರುಗಳ ಮೇಲಿನ ಹಲ್ಲೆ ತಡೆಯೋ 2009ರ ಕಾಯ್ದೆಯಲ್ಲಿ ನಿಮ್ಮ ಮೇಲೇನೇ ಕೇಸಾಗುತ್ತೆ.

ಸಾವಾಗಿದ್ರೆ ಒಂದು ಮಾತು, ಹೇಳೋಕೆ ನನಗೂ ಕಷ್ಟವೇ. ಪೋಸ್ಟ್ ಮಾರ್ಟಂ ಮಾಡಿಸಿ. "ಸತ್ತ ಮೇಲೂ ಯಾಕ್ ಕುಯ್ಯಿಸ್ತೀರಪ್ಪಾ" ಅಂತ ಮನೇಲಿ ಹಿರಿಯರು ಅಳ್ತಾರೆ, ನಿಜ, ಆದ್ರೆ ದಹನ ಆದ್ಮೇಲೆ ಯಾಕೆ ಸತ್ರು ಅನ್ನೋದಕ್ಕೆ ಆಸ್ಪತ್ರೆಯವರು ಬರೆದ ಕಾರಣ ಒಂದೇ ಉಳಿಯೋದು. ಆಸ್ಪತ್ರೆಯವರು "ಬಿಲ್ ಮನ್ನಾ ಮಾಡ್ತೀವಿ, ಇಲ್ಲೊಂದು ಸೈನ್ ಹಾಕಿ" ಅಂತ ಕಾಗದ ಚಾಚಿದ್ರೆ ಓದಿಸ್ಕೊಳ್ಳದೆ ಹಾಕಬೇಡಿ, ನಮ್ಮದೇನೂ ತಕರಾರಿಲ್ಲ ಅಂತ ಅದರಲ್ಲಿ ಬರೆದಿರುತ್ತೆ.

ಆ ರೈತರ ಕೇಸು ಈಗ ಸಾಕ್ಷಿ ಹಂತದಲ್ಲಿದೆ. ಆ ರಾತ್ರಿ ಪಾಳಿಯ ಹಾಳೆಯನ್ನ ಗುರುತು ಹಾಕಿ ದಾಖಲೆಗೆ ತಗೊಂಡಿದ್ದಾರೆ, ಮುಂದಿನ ತಾರೀಕಿಗೆ ಆಯಮ್ಮನೇ ಬಂದು ಹೇಳಿಕೆ ಕೊಡ್ತಾರೆ.