ತಪಸ್ಸು ಕಾಲದ ಮಧ್ಯೆ ವ್ರತ ಮುರಿದರೆ ಮುಂದೇನು?

ಪ್ರಶ್ನೆ: ಈಸ್ಟರ್‌ಗೆ ಮೊದಲಿನ ನಲವತ್ತು ದಿನಗಳ ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರ, ಈಸ್ಟರ್‌ವರೆಗೆ ಮಾಂಸ ಮುಟ್ಟಲ್ಲ ಅಂತ ನಿರ್ಧಾರ ಮಾಡಿದ್ದೆ. ಭಾನುವಾರ ಕೊಡವ ಗೆಳೆಯನ ಮದುವೆಯಲ್ಲಿ ಕಡಂಬುಟ್ಟು, ಪಂದಿ ಕರಿ ತಿಂದುಬಿಟ್ಟೆ. ಇನ್ನು ಮುಂದುವರಿಸಿ ಏನು ಪ್ರಯೋಜನ? ದೇವರು ಕ್ಷಮಿಸುತ್ತಾರಾ?
(ಸುಂಟಿಕೊಪ್ಪದ ಓದುಗರು)

ಉತ್ತರ: ಮುಂದುವರಿಸಿ. ಮೊದಲು ಒಂದು ವಿಷಯ ಬಿಡಿಸಿಕೊಳ್ಳೋಣ. ಕಥೋಲಿಕ ಧರ್ಮಸಭೆಯ ನಿಯಮ ನೀವು ಅಂದುಕೊಂಡಷ್ಟು ಕಠಿಣ ಅಲ್ಲ. ಉಪವಾಸ ಕಡ್ಡಾಯ ಇರುವುದು ಬೂದಿ ಬುಧವಾರ ಮತ್ತು ಶುಭ ಶುಕ್ರವಾರ, ಅದೂ 18ರಿಂದ 59 ವಯಸ್ಸಿನವರಿಗೆ. ಆ ಎರಡು ದಿನ ಮತ್ತು ತಪಸ್ಸು ಕಾಲದ ಶುಕ್ರವಾರಗಳಲ್ಲಿ ಮಾಂಸ ಬಿಡಬೇಕು, 14 ತುಂಬಿದವರೆಲ್ಲ. ಕಾಯಿಲೆಯವರಿಗೆ, ಬಸುರಿಯರಿಗೆ ವಿನಾಯಿತಿ ಇದೆ. ಅಷ್ಟೇ.

ಉಳಿದದ್ದು ನೀವೇ ಹಾಕಿಕೊಂಡ ನಿರ್ಧಾರ. ಅದು ಮುರಿದರೆ ಬೇಸರ ಆಗುತ್ತದೆ, ನಿಜ. ಆದರೆ ಆ ಊಟ ಪಾಪ ಅಲ್ಲ. ಇನ್ನು ಆ ನಲವತ್ತು ದಿನಗಳ ಲೆಕ್ಕದಲ್ಲಿ ಭಾನುವಾರಗಳು ಸೇರುವುದೇ ಇಲ್ಲ! (ಇದನ್ನೇ ನೆಪ ಮಾಡಿಕೊಂಡು ಪ್ರತಿ ಭಾನುವಾರ ಹಬ್ಬ ಮಾಡಬೇಡಿ.) ದೇವರಿಗೆ ಹರಕೆ ಅಂತಲೇ ಹೇಳಿಕೊಂಡಿದ್ದರೆ ಮಾತು ಬೇರೆ. ಆಗ ನಿಮ್ಮ ಚರ್ಚಿನ ಸ್ವಾಮಿಗಳ ಹತ್ತಿರ ಹೋಗಿ ಹೇಳಿ. ಅದರಿಂದ ಬಿಡುಗಡೆ ಕೊಡುವ ಅಧಿಕಾರ ಅವರಿಗಿದೆ.

ನನಗೆ ಚಿಂತೆ ಆಗಿದ್ದು ನಿಮ್ಮ ಎರಡನೇ ಮಾತು, 'ಇನ್ನು ಏನು ಪ್ರಯೋಜನ' ಅನ್ನುವುದು. ಯೇಸುವಿನ ಶಿಷ್ಯ ಪೇತ್ರ ಮೂರು ಸಲ ಯೇಸುವನ್ನು ಅರಿಯೆ ಅಂದ. ಇನ್ನೊಬ್ಬ ಶಿಷ್ಯ ಯೂದ ಯೇಸುವನ್ನು ಹಿಡಿದುಕೊಟ್ಟ. ಇಬ್ಬರೂ ಮರುಗಿದರು. ಪೇತ್ರ ಅತ್ತು, ಮತ್ತೆ ಉಳಿದ ಶಿಷ್ಯರ ನಡುವೆ ಬಂದು ಸೇರಿಕೊಂಡ. ಯೂದ ತನಗೆ ದಾರಿಯೇ ಇಲ್ಲ ಅಂತ ತೀರ್ಮಾನಿಸಿಬಿಟ್ಟ. ಆಸ್ತಿ ಹಾಳುಮಾಡಿ ಮನೆಗೆ ಮರಳಿದ ದುಂದುಗಾರ ಮಗನ ಬಗ್ಗೆ ಯೇಸು ಹೇಳಿದ ಕಥೆಯಲ್ಲೂ ಅಷ್ಟೇ. ಮಗ ಕಲಿತುಕೊಂಡು ಬಂದ ಕ್ಷಮೆಯ ಮಾತು ಮುಗಿಯುವ ಮೊದಲೇ ಅಪ್ಪ ಒಳ್ಳೆಯ ಬಟ್ಟೆ ತರಿಸುತ್ತಾನೆ. ದೇವರ ಕರುಣೆ ನಮ್ಮ ದಾಖಲೆ ನೋಡಿಕೊಂಡು ಕೂರುವುದಿಲ್ಲ.

ಹಾಗಂತ ಕರುಣೆ ಇದೆಯಲ್ಲ ಅಂತ ಸುಮ್ನೆ ಇರಲೂ ಆಗದು. ತಪಸ್ಸು ಕಾಲದ ಆರಂಭದಲ್ಲೇ ಪೂಜೆಯಲ್ಲಿ ಬೈಬಲಿನ ಪ್ರವಾದಿ ಯೆಶಾಯನ ಗ್ರಂಥದ 58ನೇ ಅಧ್ಯಾಯ ಓದುತ್ತಾರೆ. ನೀವು ಉಪವಾಸ ಮಾಡುತ್ತಲೇ ನಿಮ್ಮ ಆಳುಗಳನ್ನು ಹಿಂಸಿಸುತ್ತೀರಿ ಅಂತ ದೇವರು ಅಲ್ಲಿ ನೇರವಾಗಿ ಬೈಯುತ್ತಾರೆ. ನಮ್ಮ ಕೊಡಗಿನಲ್ಲಿ ಇದನ್ನು ಜಾಸ್ತಿ ಗಟ್ಟಿಯಾಗಿ ಓದಬೇಕು. ಕಾಫಿ ಕುಯ್ಲು ಮುಗಿಯುವ ಹೊತ್ತಿಗೆ ಸರಿಯಾಗಿ ಈ ಕಾಲ ಬರುತ್ತದೆ. ಹಣ್ಣು ಕುಯ್ದವರ ಕೂಲಿ ಬಾಕಿ ಇಟ್ಟುಕೊಂಡು, ಬೇಲಿ ವಿಷಯಕ್ಕೆ ತಮ್ಮನ ಜೊತೆ ಮಾತು ಬಿಟ್ಟು, ಸಸ್ಯಾಹಾರ ಮಾತ್ರ ತಿಂದರೆ ಅದು ಎಂಥ ವ್ರತ, ಅಲ್ವಾ?

ನಾಳೆಯಿಂದ ಮಾಂಸ ಬಿಡುವುದನ್ನು ಮತ್ತೆ ಶುರು ಮಾಡಿ. ಮೊದಲಿನಿಂದ ಎಣಿಸುವ ಅಗತ್ಯ ಇಲ್ಲ. ಶುಕ್ರವಾರ ಚರ್ಚಿಗೆ ಶಿಲುಬೆ ಹಾದಿ ಪ್ರಾರ್ಥನೆಗೆ ಹೋದಾಗ ಸ್ವಲ್ಪ ಬೇಗ ಹೋಗಿ ಪಾಪನಿವೇದನೆ ಮಾಡಿ. ಪಂದಿ ಕರಿಯ ವಿಷಯ ಒಂದೇ ಮಾತಲ್ಲಿ ಹೇಳಿದರೆ ಸಾಕು. ಉಳಿದ ಸಮಯ ಬೇರೆ ವಿಷಯಗಳಿಗೆ ಬೇಕಾಗಬಹುದು.