ಸೈನಿಕರಿಲ್ಲದ ಯುದ್ಧಚಿತ್ರಗಳು

ಪ್ರಶ್ನೆ: ಯುದ್ಧದ ಭೀಕರತೆ ತೋರಿಸಲು ಹೆಣ, ರಕ್ತ, ಬಂದೂಕು ಬರೆದರೆ ಸಾಕಲ್ವಾ? ಕನಸು, ಒಳಮನಸ್ಸುಗಳನ್ನು ಚಿತ್ರಕ್ಕೆ ತಂದ ಸರ್ರಿಯಲಿಸ್ಟ್ ಕಲಾವಿದರು ಕೆಟ್ಟ ಕನಸಿನಂಥ ಚಿತ್ರಗಳನ್ನು ಯಾಕೆ ಬರೆದರು?

ಸ್ಪೇನಿನ ಸರ್ರಿಯಲಿಸ್ಟ್ ಕಲಾವಿದ ಸಾಲ್ವಡಾರ್ ಡಾಲಿ 1936ರಲ್ಲಿ ಬರೆದ, ಈಗ ಅಮೆರಿಕದ ಫಿಲಡೆಲ್ಫಿಯಾ ಮ್ಯೂಸಿಯಂನಲ್ಲಿರುವ ಚಿತ್ರವನ್ನು ಒಮ್ಮೆ ನೋಡಿ. ಬಟಾಬಯಲಿನಲ್ಲಿ ಮುಗಿಲೆತ್ತರಕ್ಕೆ ನಿಂತ ಒಂದು ದೇಹ. ಕೈಕಾಲು ಎಲ್ಲೆಲ್ಲೋ ಅಂಟಿಕೊಂಡಿವೆ. ಮೇಲೆ ಹಲ್ಲು ಕಿರಿದು ನರಳುವ ಮುಖ. ಒಂದು ಕೈ ತನ್ನದೇ ಮೊಲೆಯನ್ನು ಹಿಂಡುತ್ತಿದೆ. ಹಿಂಸೆ ಕೊಡುವುದೂ ಅದೇ ದೇಹ, ಅನುಭವಿಸುವುದೂ ಅದೇ. ಕೆಳಗೆ ಬೇಯಿಸಿದ ಕಾಳು ಚೆಲ್ಲಿದೆ. ಊಟದ ಕಾಳು ಅಲ್ಲಿ ಕಂಡಾಗ ಹೊಟ್ಟೆ ತೊಳಸುತ್ತದೆ.

ಸ್ಪೇನಿನ ಅಂತರ್ಯುದ್ಧ ಶುರುವಾಗಿದ್ದು ಅದೇ ವರ್ಷದ ಜುಲೈನಲ್ಲಿ, ಚಿತ್ರ ಮುಗಿದ ಮೇಲೆ. 'ಅಂತರ್ಯುದ್ಧದ ಮುನ್ಸೂಚನೆ' ಎಂಬ ಹೆಸರನ್ನು ಡಾಲಿ ಆಮೇಲೆ ಸೇರಿಸಿದ. ಎರಡು ಸೈನ್ಯಗಳನ್ನು ಎದುರುಬದುರು ನಿಲ್ಲಿಸಿ ಬರೆದಿದ್ದರೆ ನಾವು ಯಾರ ಕಡೆ ಎಂದು ಯೋಚಿಸುತ್ತಿದ್ದೆವು. ಇಲ್ಲಿ ಆ ಕಡೆ ಈ ಕಡೆ ಎಂಬುದೇ ಇಲ್ಲ. ಒಂದೇ ದೇಶ ತನ್ನನ್ನು ತಾನೇ ಹರಿದುಕೊಳ್ಳುವುದನ್ನು ಇಷ್ಟು ನೇರವಾಗಿ ಹೇಳಿದ ಚಿತ್ರ ನನಗೆ ಬೇರೆ ಗೊತ್ತಿಲ್ಲ. ಡಾಲಿ ಮುಂದೆ, ಆ ಯುದ್ಧ ಗೆದ್ದ ಸರ್ವಾಧಿಕಾರಿ ಫ್ರಾಂಕೋನನ್ನು ಹೊಗಳಿದ್ದು ನನಗೆ ಈಗಲೂ ನೋವಿನ ವಿಷಯ. ಆದರೂ ಈ ಚಿತ್ರದ ಸತ್ಯ ಅದರಿಂದ ಕಮ್ಮಿಯಾಗುವುದಿಲ್ಲ.

ಸರ್ರಿಯಲಿಸ್ಟ್ ಚಳವಳಿ ಹುಟ್ಟಿದ್ದೇ ಮೊದಲ ಮಹಾಯುದ್ಧದ ಗಾಯದಿಂದ. 1924ರಲ್ಲಿ ಅದರ ಪ್ರಣಾಳಿಕೆ ಬರೆದ ಆಂದ್ರೆ ಬ್ರೆಟನ್, ಯುದ್ಧದಲ್ಲಿ ಮನಸ್ಸು ಕೆಟ್ಟ ಸೈನಿಕರಿದ್ದ ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದ. ಅವರ ಮಾತು, ಕನಸುಗಳನ್ನು ಹತ್ತಿರದಿಂದ ಕೇಳಿದ್ದ. ಮೈಮೇಲಿನ ಗಾಯವನ್ನು ಫೋಟೋ ತೋರಿಸುತ್ತದೆ. ತಲೆಯೊಳಗಿನದಕ್ಕೆ ಬೇರೆ ದಾರಿಯೇ ಬೇಕಿತ್ತು.

ಇನ್ನೊಬ್ಬ ಸರ್ರಿಯಲಿಸ್ಟ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ ಅಂಥ ಒಂದು ದಾರಿ ಹಿಡಿದ. ಆತ ಸ್ವತಃ ಮೊದಲ ಮಹಾಯುದ್ಧದಲ್ಲಿ ಜರ್ಮನ್ ಫಿರಂಗಿ ದಳದಲ್ಲಿದ್ದವನು. 'ಮಳೆಯ ನಂತರ ಯುರೋಪ್' ಚಿತ್ರದಲ್ಲಿ (1940-42) ಹಸಿ ಬಣ್ಣದ ಮೇಲೆ ನುಣುಪಾದ ಹಾಳೆ ಅಥವಾ ಗಾಜು ಒತ್ತಿ ಎತ್ತುವ ವಿಧಾನ ಬಳಸಿದ. ಬಣ್ಣ ತಾನಾಗಿಯೇ ಹರಡಿ ಹವಳದಂತೆ, ಕೊಳೆತ ಮಾಂಸದಂತೆ ಕಾಣುತ್ತದೆ. ಆ ಬಣ್ಣದ ಕಲೆಗಳಲ್ಲೇ ಆಕಾರಗಳನ್ನು ಹುಡುಕಿ ತಿದ್ದುತ್ತಿದ್ದ. ಹಕ್ಕಿತಲೆಯ ಒಬ್ಬ, ಬೆನ್ನು ಹಾಕಿ ನಿಂತ ಒಬ್ಬ ಹೆಂಗಸು, ಉಳಿದದ್ದೆಲ್ಲ ಅವಶೇಷ. ಯಾವ ಊರಿನದು ಎಂದು ಹೇಳಲು ಬರುವುದಿಲ್ಲ. ಅರ್ನ್ಸ್ಟ್‌ಗೂ ಆಗ ತನ್ನದು ಎನ್ನುವ ಊರು ಉಳಿದಿರಲಿಲ್ಲ. ಆತನ ಕಲೆಯನ್ನು ನಾಜಿಗಳು 'ಕೆಟ್ಟ ಕಲೆ' ಎಂದು ಹಳಿದಿದ್ದರು, ಜರ್ಮನ್ ಎಂಬ ಕಾರಣಕ್ಕೆ ಆತ ನೆಲೆಸಿದ್ದ ಫ್ರಾನ್ಸ್ 1939ರಲ್ಲಿ ಶಿಬಿರದಲ್ಲಿ ಕೂಡಿಹಾಕಿತ್ತು. 1941ರಲ್ಲಿ ಆತ ಅಮೆರಿಕಕ್ಕೆ ತಪ್ಪಿಸಿಕೊಂಡು ಹೋಗಿ, ಈ ಚಿತ್ರವನ್ನು ಅಲ್ಲೇ ಮುಗಿಸಿದ.